ಮಳೆಗಾಲಕ್ಕೆ ಮುನ್ನ ಗಾದಿ ಬದಲಿಸಬೇಕಾಗಿದೆ: ಕರಾವಳಿಯ ಮನೆಗೆ ಯಾವುದು ಸರಿ?

ಕಾರವಾರ, ಕೋಡಿಬಾಗದಿಂದ (ಪ್ರಶ್ನೆ ಕೇಳಿದವರು), ಮೇ ಮೊದಲ ವಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಳಿ ನದಿ ಸಮುದ್ರ ಸೇರುವ ಕಡೆಗೆ ಮುಖ ಮಾಡಿರುವ ಹಳೆಯ ಹೆಂಚಿನ ಮನೆ. ಗೋಡೆ ಚೀರೆಕಲ್ಲಿನದು, ಮಳೆಗಾಲದಲ್ಲಿ ಪಶ್ಚಿಮದ ಗೋಡೆಯನ್ನು ಒಳಗಿನಿಂದ ಮುಟ್ಟಿದರೂ ಕೈಗೆ ತಣ್ಣಗೆ ಹತ್ತುತ್ತದೆ. ಮನೆಯಲ್ಲಿ 78 ವರ್ಷದ ತಂದೆಯವರು, 71 ವರ್ಷದ ತಾಯಿಯವರು, ನಾನು ಮತ್ತು ನನ್ನ ಪತ್ನಿ ಇದ್ದೇವೆ. ತಂದೆಯವರಿಗೆ ಬಹುಕಾಲದ ಸೊಂಟನೋವು ಇದೆ, ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ಅವರಿಗಾಗಿ ಎಂಟು ಇಂಚು ದಪ್ಪದ ಮೆಮೊರಿ ಫೋಮ್ ಗಾದಿಯನ್ನು ತರಿಸಿದ್ದೆ. ಬೆನ್ನು ಬಿಸಿಯಾಗುತ್ತದೆ ಎಂದು ಬೇಸಿಗೆಯಲ್ಲಿ ಒಂದೆರಡು ಬಾರಿ ಹೇಳಿದ್ದನ್ನು ಬಿಟ್ಟರೆ ಅವರಿಂದ ಬೇರೆ ದೂರೇನೂ ಬರಲಿಲ್ಲ. ಕಳೆದ ಜುಲೈನಲ್ಲಿ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ವಾರ, ಅವರಿಗೆ ಬೆಳಗಿನ ಜಾವದ ಕೆಮ್ಮು ಶುರುವಾಯಿತು. ಕೋಣೆಯಲ್ಲಿ ಹಳೆಯ ಅಕ್ಕಿಚೀಲದಂಥ ಮುಗ್ಗಲು ವಾಸನೆ. ಚಾದರ ಬದಲಿಸಿದೆವು, ದಿಂಬು ಬದಲಿಸಿದೆವು, ವಾಸನೆ ಹೋಗಲಿಲ್ಲ. ಕೊನೆಗೆ ಗಾದಿಯನ್ನು ಎತ್ತಿ ನಿಲ್ಲಿಸಿ ನೋಡಿದಾಗ, ಅಡಿಯ ಬಟ್ಟೆಯ ಮೇಲೆ, ಸರಿಯಾಗಿ ತಂದೆಯವರು ಮಲಗುವ ಜಾಗದ ಕೆಳಗೆ, ಬೆನ್ನಿನಷ್ಟೇ ಅಗಲಕ್ಕೆ ಬೂದು ಹಸಿರು ಬಣ್ಣದ ಬೂಷ್ಟು ಹರಡಿತ್ತು. ಮಂಚದ ಪ್ಲೈವುಡ್ಡಿನ ಮೇಲೂ ಅದೇ ಆಕಾರದ ಅಚ್ಚು ಮೂಡಿತ್ತು. ಅಷ್ಟು ದಿನ ಅದರ ಮೇಲೆಯೇ ಅವರನ್ನು ಮಲಗಿಸಿದ್ದೆವಲ್ಲ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಆ ಗಾದಿಯನ್ನು ಎಸೆದೆವು. ಈಗ ತಂದೆಯವರು ನಡುವೆ ಗುಂಡಿ ಬಿದ್ದ ಹಳೆಯ ಹತ್ತಿಯ ಗಾದಿಯ ಮೇಲೆ, ತಾಯಿಯವರು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಾರೆ. ಮಳೆ ಹಿಡಿಯುವುದಕ್ಕೆ ಇನ್ನು ಒಂದು ತಿಂಗಳಿದೆ. ಸಮುದ್ರದ ಬದಿಯ ಮನೆಗೆ ಯಾವ ಬಗೆಯ ಗಾದಿ ಸೂಕ್ತ, ಸೊಂಟನೋವಿನವರಿಗೆ ಗಟ್ಟಿ ಹಲಗೆಯೇ ಒಳ್ಳೆಯದೆಂಬ ಮಾತು ನಿಜವೇ, ಹಳೆಯ ಹತ್ತಿಯ ಗಾದಿಯನ್ನು ಉಳಿಸಿಕೊಳ್ಳಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಶಿರಸಿಯಿಂದ

ನಮಸ್ಕಾರ. ಹಳೆಯ ಹತ್ತಿಯ ಗಾದಿಯನ್ನು ದಯವಿಟ್ಟು ಎಸೆಯಬೇಡಿ. ನಾನು ಈ ಮನೆಗೆ ಸೊಸೆಯಾಗಿ ಬಂದು 34 ವರ್ಷಗಳಾದವು. ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ಹತ್ತಿಯ ಗಾದಿಗಳೇ ಬಳಕೆಯಲ್ಲಿವೆ. ಗುಂಡಿ ಬಿದ್ದರೆ ಗಾದಿ ಹಾಳಾಯಿತೆಂದು ಅರ್ಥವಲ್ಲ, ಒಳಗಿನ ಹತ್ತಿ ಒತ್ತಿಕೊಂಡು ಗಂಟುಗಟ್ಟಿದೆ ಎಂದಷ್ಟೇ ಅರ್ಥ. ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಹತ್ತಿಯನ್ನು ಹಿಂಜಿಸಿ, ಹೊಸ ಗವಸಿಗೆ ತುಂಬಿಸಿ ಹೊಲಿಸಿದರೆ ಅದು ಮತ್ತೆ ಹೊಸದಾಗುತ್ತದೆ. ಮೊದಲೆಲ್ಲ ಹಿಂಜುವವರು ಬಿಲ್ಲು ಹೆಗಲಿಗೆ ಹಾಕಿಕೊಂಡು ಮನೆಯಂಗಳಕ್ಕೇ ಬರುತ್ತಿದ್ದರು. ಈಗ ಪೇಟೆಯಲ್ಲಿರುವ ಯಂತ್ರದ ಬಳಿಗೆ ನಾವೇ ಒಯ್ಯಬೇಕು. ಒಂದು ಬದಿಯಿಂದ ಹಲಗೆಯಂತಿದ್ದ ಹತ್ತಿ ಒಳಗೆ ಹೋಗಿ ಇನ್ನೊಂದು ಬದಿಯಿಂದ ನೊರೆಯಂತೆ ಉಬ್ಬಿ ಬರುವುದನ್ನು ನಿಂತು ನೋಡುವುದು ನನಗೆ ಇಂದಿಗೂ ಸಂತೋಷದ ಕೆಲಸ. ಒಬ್ಬರು ಮಲಗುವ, ನಾಲ್ಕು ಇಂಚಿನ ಗಾದಿಗೆ ನಮ್ಮಲ್ಲಿ ಹತ್ತರಿಂದ ಹನ್ನೆರಡು ಕಿಲೋ ಹತ್ತಿ ತುಂಬಿಸುತ್ತೇವೆ. ತುಂಬಿದ ಮೇಲೆ ದಬ್ಬಣದಿಂದ ಗೇಣಿಗೊಂದರಂತೆ ಆರಪಾರು ಹೊಲಿಗೆ ಹಾಕಿಸಬೇಕು. ಆ ಹೊಲಿಗೆ ದೂರದೂರವಾದರೆ ಹತ್ತಿ ಸರಿದು ಒಂದೇ ವರ್ಷದಲ್ಲಿ ಗುಂಡಿ ಬೀಳುತ್ತದೆ.

ಹೊಸ ಹತ್ತಿ ಕೊಳ್ಳುವುದಾದರೆ ಒಂದು ಚಿಟಿಕೆ ಎಳೆದುಕೊಂಡು, ಚಿಮಟದಲ್ಲಿ ಹಿಡಿದು, ಗಾದಿಯಿಂದ ದೂರದಲ್ಲಿ ಬೆಂಕಿ ತೋರಿಸಿ ನೋಡಿ. ಶುದ್ಧ ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿಯಾದ ಕರಿಮಣಿಯಂಥ ಉಂಡೆ ಉಳಿಯುತ್ತದೆ. ಈಚೆಗೆ ಬೆರಕೆಯ ಮಾಲು ಬಹಳ ಬರುತ್ತಿರುವುದರಿಂದ ಈ ಪರೀಕ್ಷೆಯನ್ನು ನಾನು ಬಿಡುವುದೇ ಇಲ್ಲ.

ದಿಂಬಿಗೆ ಮಾತ್ರ ನನ್ನ ಮತ ಬೂರುಗದ ಹತ್ತಿಗೆ. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಗಾಳಿಗೆ ಹಾರುವ ಮೊದಲೇ ಕೊಯ್ಸಿ, ಬೀಜ ಬಿಡಿಸಿ ಇಟ್ಟುಕೊಳ್ಳುತ್ತೇವೆ. ಅದರ ಎಳೆ ಬಹಳ ನುಣುಪು ಮತ್ತು ಗಿಡ್ಡವಾದ್ದರಿಂದ ಸುಲಭವಾಗಿ ನೂಲಲು ಬಾರದು, ಆದರೆ ದಿಂಬಿಗೆ ಅದರಂಥ ಹಗುರವಾದದ್ದು ಬೇರೆ ಇಲ್ಲ. ಅದರದೇ ಸಂಬಂಧಿಯಾದ ಬಿಳಿ ಬೂರುಗದ ಎಳೆ ಒಳಗೆ ಟೊಳ್ಳಾಗಿದ್ದು ಮೇಲೆ ಮೇಣದ ಲೇಪವಿರುವುದರಿಂದ ನೀರು ಹಿಡಿಯುವುದಿಲ್ಲ. ಹಿಂದೆ ಹಡಗಿನವರ ತೇಲುವ ಅಂಗಿಗಳಿಗೂ ಅದನ್ನೇ ತುಂಬುತ್ತಿದ್ದರು. ಇದು ಬಹು ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ದೀಪ, ಸೊಳ್ಳೆಬತ್ತಿಗಳಿಂದ ದೂರವಿಡಬೇಕು ಎಂಬ ಎಚ್ಚರ ಅಗತ್ಯ.

ಬಿಸಿಲಿನ ವಿಷಯಕ್ಕೆ ಬಂದರೆ, ಅಡಿಕೆ ಒಣಗಿಸುವ ಕೆಲಸ ಮುಗಿದು ಅಂಗಳದ ಅಟ್ಟ ಖಾಲಿಯಾದ ಕೂಡಲೇ ಗಾದಿಗಳನ್ನೆಲ್ಲ ಅದರ ಮೇಲೆ ಹಾಸಿ ಮೂರು ನಾಲ್ಕು ದಿನ ಎರಡೂ ಮಗ್ಗುಲು ಕಾಯಿಸುತ್ತೇವೆ. ಮಧ್ಯಾಹ್ನ ಮೂರೂವರೆ ನಾಲ್ಕರೊಳಗೆ ಒಳಗೆ ತರಬೇಕು, ಇಲ್ಲವಾದರೆ ಸಂಜೆಯ ಇಬ್ಬನಿಯನ್ನು ಅದೇ ಹತ್ತಿ ಮತ್ತೆ ಕುಡಿಯುತ್ತದೆ.

ಅಂಕೋಲೆಯಿಂದ

ನಾನು 22 ವರ್ಷಗಳಿಂದ ಮರಗೆಲಸ ಮಾಡಿಕೊಂಡಿರುವವನು. ಶಿರಸಿಯ ಅಕ್ಕನವರು ಹೇಳಿದ್ದೆಲ್ಲ ಸರಿ, ಆದರೆ ಘಟ್ಟದ ಕೆಳಗಿನ ಜುಲೈ ತಿಂಗಳು ಬೇರೆಯೇ ಆಗಿದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಾರಗಟ್ಟಲೆ ಬಿಸಿಲಿನ ಮುಖ ಕಾಣದಿರುವಾಗ ಹತ್ತಿಯ ಗಾದಿ ತೇವವನ್ನು ಹೀರಿಕೊಂಡು ಭಾರವಾಗಿ, ಮೈಗೆ ತಣ್ಣಗೆ ಹತ್ತತೊಡಗುತ್ತದೆ. ಕಡಲಿನ ಗಾಳಿಯಲ್ಲಿ ಉಪ್ಪೂ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನಾವು ಕಾಣುವುದು ಇದನ್ನೇ. ಕಡಲಿಗೆದುರಾಗಿ ಒಣಹಾಕಿದ ಚಾದರ ಹಗಲು ಗರಿಗರಿಯಾಗಿದ್ದು ರಾತ್ರಿ ಮತ್ತೆ ತೇವವೆನಿಸುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ನೋಡಬೇಕಾದದ್ದು ಮಂಚವನ್ನು, ಗಾದಿ ಆಮೇಲಿನದು. ಬೆವರು ಸುರಿಯದಿದ್ದರೂ ಮನುಷ್ಯನ ಚರ್ಮ ಮತ್ತು ಉಸಿರಿನಿಂದ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ನಮಗೆ ಅರಿವಿಲ್ಲದೆಯೇ ಹೊರಹೋಗುತ್ತದೆ, ಎಂದರೆ ಎಂಟು ಗಂಟೆಯ ನಿದ್ರೆಯಲ್ಲಿ ಕಾಲು ಲೀಟರಿನಷ್ಟು. ಅದರಲ್ಲಿ ಒಂದು ಪಾಲು ಆವಿಯಾಗಿ ಗಾದಿಯೊಳಗೆ ಇಳಿಯುತ್ತದೆ. ಅಡಿಯಲ್ಲಿ ಗಾಳಿಯಾಡಿದರೆ ಅದು ಹೊರಟುಹೋಗುತ್ತದೆ. ಪ್ಲೈವುಡ್ಡಿನ ಹಲಗೆ ಅಡ್ಡಬಂದರೆ ಆ ತಣ್ಣನೆಯ ಹಲಗೆಗೆ ತಾಗಿ ಅಲ್ಲಿಯೇ ನೀರಾಗಿ ಕೂರುತ್ತದೆ. ನಿಮ್ಮ ತಂದೆಯವರ ಬೆನ್ನಿನ ಆಕಾರದಲ್ಲಿಯೇ ಬೂಷ್ಟು ಬಂದದ್ದು ಆ ಕಾರಣಕ್ಕೆ. ಅಲ್ಲಿ ಹತ್ತಿಯ ಗಾದಿ ಇದ್ದಿದ್ದರೂ ಹಾಗೆಯೇ ಆಗುತ್ತಿತ್ತು.

ಪ್ಲೈವುಡ್ ತೆಗೆಸಿ, ಮೂರು ಇಂಚು ಅಗಲದ ಮರದ ಅಡ್ಡಪಟ್ಟಿಗಳನ್ನು ಎರಡೆರಡು ಇಂಚು ಸಂದು ಬಿಟ್ಟು ಹೊಡೆಸಿ. ಸಂದು ಮೂರು ಇಂಚಿಗಿಂತ ಹೆಚ್ಚಾದರೆ ಮೆತ್ತನೆಯ ಗಾದಿ ಅದರೊಳಗೆ ಇಳಿದು ಗೆರೆಗೆರೆಯಾಗುತ್ತದೆ. ಪಟ್ಟಿಗಳ ಮೇಲ್ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಸಿದರೆ ಗಾದಿಯ ಬಟ್ಟೆ ಸವೆಯುವುದಿಲ್ಲ. ಮಂಚವನ್ನು ಆ ಪಶ್ಚಿಮದ ಗೋಡೆಯಿಂದ ಕನಿಷ್ಠ ಆರು ಇಂಚು ಈಚೆಗೆ ಎಳೆಯಿರಿ. ಮಂಚದ ಕೆಳಗೆ ಟ್ರಂಕು, ಗೋಣಿಚೀಲಗಳನ್ನು ತುರುಕಬೇಡಿ. ಕೆಳಗೆ ಪೆಟ್ಟಿಗೆಯಿರುವ ಮಂಚಗಳನ್ನು ಮಾಡಿಕೊಡಿರೆಂದು ಈಗ ಎಲ್ಲರೂ ಕೇಳುತ್ತಾರೆ. ಮಾಡಿಸಿಕೊಂಡವರ ಮನೆಗಳಲ್ಲಿಯೇ ಮೂರನೆಯ ಮಳೆಗಾಲಕ್ಕೆ ಬೂಷ್ಟು ಒರೆಸುವ ಕೆಲಸ ಕಂಡಿದ್ದೇನೆ, ಹಾಗಾಗಿ ಕರಾವಳಿಯಲ್ಲಿ ನಾನು ಅದನ್ನು ಬೇಡವೆಂದೇ ಹೇಳುತ್ತೇನೆ. ನೆಲದ ಮೇಲೆ ಮಲಗುವ ತಾಯಿಯವರನ್ನೂ ಮಳೆ ಹಿಡಿಯುವ ಮೊದಲು ಮಂಚಕ್ಕೆ ತನ್ನಿ. ನೆಲದ ತಂಪು ಚಾಪೆಯಿಂದ ನಿಲ್ಲುವುದಿಲ್ಲ.

ಕುಮಟೆಯಿಂದ

ನಾನು ನಿವೃತ್ತ ದಾದಿ. ಸೊಂಟನೋವಿಗೆ ಗಟ್ಟಿ ಹಲಗೆಯೇ ಮದ್ದು ಎಂಬ ಮಾತನ್ನು ನಾನೂ ಎಷ್ಟೋ ವರ್ಷ ರೋಗಿಗಳಿಗೆ ಹೇಳಿದ್ದೇನೆ, ಆದ್ದರಿಂದ ಇದನ್ನು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಗಾದಿ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಗಾದಿ ಕೊಟ್ಟು 90 ದಿನಗಳ ನಂತರ ವಿಚಾರಿಸಿದಾಗ, ಮಧ್ಯಮ ಗಟ್ಟಿಯ ಗಾದಿಯವರಿಗೇ ಮಲಗಿದಾಗಿನ ಮತ್ತು ಏಳುವಾಗಿನ ನೋವು ಇನ್ನೊಂದು ಗುಂಪಿನವರಿಗಿಂತ ಹೆಚ್ಚು ಇಳಿದಿತ್ತು. ಕಾರಣ ಸರಳವಾದದ್ದು: ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ಪೃಷ್ಠ ಸ್ವಲ್ಪ ಒಳಗಿಳಿಯದಿದ್ದರೆ ಬೆನ್ನುಮೂಳೆ ಬಾಗುತ್ತದೆ, ಬಹಳ ಇಳಿದರೂ ಬಾಗುತ್ತದೆ.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ ತರಬೇಡಿ. ತಂದೆಯವರನ್ನೇ ಕರೆದುಕೊಂಡು ಹೋಗಿ, ಚಪ್ಪಲಿ ಬಿಚ್ಚಿಸಿ, ಅವರು ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಹತ್ತು ಹದಿನೈದು ನಿಮಿಷ ಮಲಗಿಸಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ನಿಮ್ಮ ಅಂಗೈ ಚಪ್ಪಟೆಯಾಗಿ ತುಸು ಬಿಗಿಯಾಗಿ ಹೋಗಬೇಕು. ಸಲೀಸಾಗಿ ಆಚೆ ಈಚೆ ಆಡಿದರೆ ಗಾದಿ ಅತಿ ಗಟ್ಟಿ, ಹೋಗುವುದೇ ಇಲ್ಲವಾದರೆ ಅತಿ ಮೆತ್ತಗೆ. ಆಮೇಲೆ ಅಂಚಿನಲ್ಲಿ ಕೂರಿಸಿ. ರಾತ್ರಿ ಏಳುವ ಹಿರಿಯರಿಗೆ ಅಂಚು ಕುಸಿಯಬಾರದು, ಮಂಚ ಮತ್ತು ಗಾದಿ ಸೇರಿದ ಎತ್ತರ ಅವರ ಮೊಣಕಾಲಿನ ಮಟ್ಟಕ್ಕಿರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಎಂಟು ಇಂಚಿನ ಗಾದಿಗಳು ಹಳೆಯ ಮಂಚದ ಮೇಲೆ ಬಹಳ ಎತ್ತರವಾಗುತ್ತವೆ. ರಾತ್ರಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಹಿರಿಯರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ದಿಂಬಿನ ವಿಷಯವೂ ಇಷ್ಟೇ ಮುಖ್ಯ. ಮಗ್ಗುಲಾಗಿ ಮಲಗುವವರಿಗೆ ಕಿವಿಯಿಂದ ಭುಜದ ತುದಿಯವರೆಗಿನ ಅಂತರವನ್ನು ತುಂಬುವಷ್ಟು ಎತ್ತರದ ದಿಂಬು ಬೇಕು, ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳುವಾದದ್ದು. ಸೊಂಟನೋವಿನವರು ಮಗ್ಗುಲಾದಾಗ ಮೊಣಕಾಲುಗಳ ನಡುವೆ, ಅಂಗಾತವಾದಾಗ ಮೊಣಕಾಲುಗಳ ಕೆಳಗೆ ಒಂದು ಸಣ್ಣ ದಿಂಬು ಇಟ್ಟುಕೊಂಡರೆ ಬಹಳ ಆರಾಮವೆನಿಸುತ್ತದೆ. ತಂದೆಯವರ ಬೆಳಗಿನ ಕೆಮ್ಮು ಇನ್ನೂ ಇದ್ದರೆ ಗಾದಿಯ ಮೇಲೆ ಭಾರ ಹಾಕಿ ಕೂರದೆ ವೈದ್ಯರಿಗೆ ತೋರಿಸಿ.

ಕೋಡಿಬಾಗದಿಂದ (ಪ್ರಶ್ನೆ ಕೇಳಿದವರು)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಳೆ ನಿಂತ ಮೇಲೆ ಕೆಮ್ಮು ಕಡಿಮೆಯಾಗಿದೆ, ಆದರೂ ವೈದ್ಯರಲ್ಲಿ ತೋರಿಸಿ ಬಂದೆವು. ಬಡಗಿಯವರಿಗೆ ಹೇಳಿದ್ದೇನೆ, ಪ್ಲೈವುಡ್ ತೆಗೆದು ಪಟ್ಟಿ ಹೊಡೆಯುತ್ತಾರೆ. ನಿನ್ನೆ ತಂದೆಯವರೊಂದಿಗೆ ಎರಡು ಅಂಗಡಿಗಳಿಗೆ ಹೋಗಿದ್ದೆ. ಎಲ್ಲದರ ಮೇಲೂ ಆರ್ಥೋಪೆಡಿಕ್ ಎಂದು ಬರೆದಿದೆ. ಫೋಮ್‌ಗಳಿಗೆ 32 ಡೆನ್ಸಿಟಿ, 40 ಡೆನ್ಸಿಟಿ ಎನ್ನುತ್ತಾರೆ. ಅದು ಗಟ್ಟಿತನದ ಅಳತೆಯೇ? ತೆಂಗಿನ ನಾರಿನ ಗಾದಿ ಮತ್ತು ಲೇಟೆಕ್ಸ್ (ರಬ್ಬರ್ ಹಾಲಿನ ಫೋಮ್) ಗಾದಿಯ ಬಗ್ಗೆ ಅನುಭವವಿದ್ದವರು ಬರೆಯಬೇಕೆಂದು ಕೋರುತ್ತೇನೆ.

ಹೊನ್ನಾವರದಿಂದ

ನಮ್ಮ ಕುಟುಂಬ ಬಹಳ ವರ್ಷ ಗಾದಿಯ ವ್ಯಾಪಾರದಲ್ಲಿತ್ತು. ಈಗ ಅಂಗಡಿ ಇಲ್ಲವಾದ್ದರಿಂದ ಯಾವ ಮಾಲನ್ನೂ ಮಾರಬೇಕಾದ ಅಗತ್ಯ ನನಗಿಲ್ಲ.

ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಅದು ಬಾಳಿಕೆಯನ್ನು ಸೂಚಿಸುತ್ತದೆಯೇ ಹೊರತು ಗಟ್ಟಿತನವನ್ನಲ್ಲ. ಹೆಚ್ಚು ಡೆನ್ಸಿಟಿಯ ಮೆತ್ತನೆಯ ಫೋಮೂ ಇರುತ್ತದೆ, ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮೂ ಇರುತ್ತದೆ. ಹೇಳಿದ ಡೆನ್ಸಿಟಿ ನಿಜವೇ ಎಂಬುದನ್ನು ತಕ್ಕಡಿಯಿಂದಲೇ ಪರೀಕ್ಷಿಸಬಹುದು. 75 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪದ ಫೋಮ್ ಹಾಳೆಯ ಗಾತ್ರ 0.177 ಘನ ಮೀಟರ್ ಆಗುತ್ತದೆ. 32 ಡೆನ್ಸಿಟಿಯದಾದರೆ ಅದು ಸುಮಾರು 5.7 ಕಿಲೋ, 40ರದಾದರೆ ಸುಮಾರು 7.1 ಕಿಲೋ ತೂಗಬೇಕು. ನಾಲ್ಕೂವರೆ ಕಿಲೋ ತೂಗಿದರೆ ಅದು 25ರ ಮಾಲು. ಇನ್ನು ಆರ್ಥೋಪೆಡಿಕ್ ಎಂಬ ಪದವನ್ನು ಗಟ್ಟಿ ಎಂದಷ್ಟೇ ಓದಿಕೊಳ್ಳಿ; ವೈದ್ಯರು ಪರೀಕ್ಷಿಸಿ ಕೊಟ್ಟ ಬಿರುದು ಅದಲ್ಲ.

ಮೆಮೊರಿ ಫೋಮ್ ಅನ್ನು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಗಳಿಗೆಂದು ರೂಪಿಸಿದರು. ಮೈಯ ಬಿಸಿಗೆ ಮೆತ್ತಗಾಗಿ ಮೈಯ ಆಕಾರ ತಾಳುವುದೇ ಅದರ ಗುಣ. ಆದರೆ ಹಾಗೆ ಮೈಗೆ ಅಂಟಿಕೊಳ್ಳುವುದರಿಂದಲೇ ಗಾಳಿ ಆಡದೆ ಬಿಸಿ ಹಿಡಿಯುತ್ತದೆ. ನಮ್ಮ ಸೆಕೆಗೆ ಎಂಟು ಇಂಚಿನ ಗಾದಿಯಲ್ಲಿ ಅದು ಮೇಲಿನ ಪದರವಾಗಿ ಬರುವುದು ನನಗೆ ಸರಿ ಕಾಣುವುದಿಲ್ಲ.

ತೆಂಗಿನ ನಾರಿನ ಗಾದಿಯೆಂದರೆ ಕತ್ತದ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಕಾಯಿಸಿ ಮಾಡಿದ ಹಾಳೆಗಳು. ನಾರು ನಾರಿನ ನಡುವೆ ಸಂದು ಇರುವುದರಿಂದ ಗಾಳಿ ಧಾರಾಳವಾಗಿ ಹಾಯುತ್ತದೆ. ಕತ್ತದಲ್ಲಿ ನಾರನ್ನು ಗಟ್ಟಿಗೊಳಿಸುವ ಲಿಗ್ನಿನ್ ಎಂಬ ಅಂಶ ಹೆಚ್ಚಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ. ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಹುಗಿದಿಟ್ಟು ಅನಂತರ ನಾರು ಬಿಡಿಸಿ ಹಗ್ಗ ಹೊಸೆಯುವುದನ್ನು ನಮ್ಮ ಕರಾವಳಿಯವರೆಲ್ಲ ಬಲ್ಲರು, ಆ ಹಗ್ಗ ಮತ್ತೆ ವರ್ಷಗಟ್ಟಲೆ ದೋಣಿ ಕಟ್ಟಿ ನಿಲ್ಲುತ್ತದೆ. ದೋಷವೆಂದರೆ, ಬರಿಯ ನಾರಿನ ಗಾದಿ ಹಿರಿಯರ ಭುಜಕ್ಕೆ ಗಟ್ಟಿಯಾಗುತ್ತದೆ, ಅಗ್ಗದ್ದಾದರೆ ನಾಲ್ಕೈದು ವರ್ಷಕ್ಕೆ ನಡುವೆ ಕುಳಿ ಬೀಳುತ್ತದೆ. ಆದ್ದರಿಂದ ನಾಲ್ಕು ಇಂಚಿನ ನಾರು, ಅದರ ಮೇಲೆ ಒಂದು ಇಂಚಿನಷ್ಟು ನೈಸರ್ಗಿಕ ಲೇಟೆಕ್ಸ್ ಪದರ, ಮೇಲೆ ಹತ್ತಿಯ ಬಟ್ಟೆ ಎಂಬ ಜೋಡಣೆಯನ್ನು ನಾನು ನಿಮ್ಮ ತಂದೆಯವರಿಗೆ ಸೂಚಿಸುತ್ತೇನೆ. ಒಳ್ಳೆಯ ಲೇಟೆಕ್ಸ್ ಹಾಳೆಯ ತುಂಬ ಬೆರಳು ತೂರುವಂಥ ತೂತುಗಳಿರುತ್ತವೆ, ಬಿಸಿ ಹಿಡಿಯುವುದು ಕಡಿಮೆ. ರಬ್ಬರಿನ ಕೈಗವಸು ಅಥವಾ ಬಲೂನು ತಾಗಿದರೆ ಮೈ ಕೆರೆಯುವವರು ಮಾತ್ರ ಇದನ್ನು ಬಿಡಬೇಕು. ಸ್ಪ್ರಿಂಗಿನ ಗಾದಿಯನ್ನು ಕಡಲ ಬದಿಯಲ್ಲಿ ನಾನು ಹೇಳುವುದಿಲ್ಲ, ಉಪ್ಪಿನ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ.

ಮುಖ್ಯವಾದ ಎರಡು ಮಾತು. ಗಾದಿ ಬಂದ ದಿನವೇ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ಕಿತ್ತುಹಾಕಿ. ಹೊಸದಾಗಿಯೇ ಇರಲೆಂದು ವರ್ಷಗಟ್ಟಲೆ ಹಾಗೆಯೇ ಬಿಡುವ ಮನೆಗಳಲ್ಲಿ ಒಳಗೆ ತೇವ ಕಟ್ಟಿ ನಿಲ್ಲುತ್ತದೆ. ಎರಡನೆಯದು, ಹತ್ತಿಯ ಗಾದಿಗೆ ಬಿಸಿಲು ಜೀವವಾದರೆ ರಬ್ಬರಿಗೆ ಬಿಸಿಲೇ ಶತ್ರು. ಲೇಟೆಕ್ಸ್ ಮತ್ತು ರಬ್ಬರ್ ಹಾಕಿದ ನಾರಿನ ಗಾದಿಯನ್ನು ಅಂಗಳದಲ್ಲಿ ಕಾಯಿಸಿದರೆ ರಬ್ಬರ್ ಒಣಗಿ, ಬಿರಿದು, ಪುಡಿಯಾಗಿ ಉದುರುತ್ತದೆ. ಅದನ್ನು ನೆರಳಿನಲ್ಲಿ, ಕಿಟಕಿಯ ಬಳಿ, ಫ್ಯಾನಿನ ಗಾಳಿಗೆ ನಿಲ್ಲಿಸಿ ಒಣಗಿಸಬೇಕು.

ಯಲ್ಲಾಪುರದಿಂದ

ಗಾದಿಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಹೊದಿಕೆಯ ಬಗ್ಗೆ ಎರಡು ಮಾತು. ನಮ್ಮ ಘಟ್ಟದ ಮೇಲೆ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ದಪ್ಪ ಹೊದಿಕೆ ಬೇಕು, ಕಾರವಾರದಲ್ಲಿ ಆ ಪ್ರಶ್ನೆಯೇ ಇಲ್ಲ, ಅಲ್ಲಿ ಬೇಕಾದದ್ದು ಬೇಗ ಒಗೆದು ಒಣಗಿಸಬಹುದಾದ ತೆಳು ಹೊದಿಕೆ. ಈ ಎರಡಕ್ಕೂ ಹೊಂದುವುದು ಹಳೆಯ ಹತ್ತಿ ಸೀರೆಗಳ ಕೌದಿ. ಕಾರವಾರದ ಕೊಂಕಣಿ ಮನೆಗಳಲ್ಲಿ ಅದನ್ನು ವಾಕಳ ಎನ್ನುತ್ತಾರೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೀವು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗಳಿಗೆ ಹೂವೆಂದು ಕರೆಯುವ ಮಡಿಸಿದ ಬಟ್ಟೆಯ ಮುಕ್ಕೋನಗಳನ್ನು ಕೂರಿಸುತ್ತಾರೆ, ಅದಿಲ್ಲದೆ ಕೌದಿ ಮುಗಿಯಿತೆಂದು ಒಪ್ಪುವುದಿಲ್ಲ. ಎಷ್ಟೋ ಬಾರಿ ಒಗೆದ ಸೀರೆಯ ಬಟ್ಟೆಯಾದ್ದರಿಂದ ಚರ್ಮಕ್ಕೆ ಅದರಷ್ಟು ಮೃದುವಾದದ್ದು ಅಂಗಡಿಯಲ್ಲಿ ಸಿಗದು. ಎರಡು ಮೂರು ಪದರದ ತೆಳುವಾದದ್ದನ್ನೇ ಕೇಳಿ ಹೊಲಿಸಿಕೊಳ್ಳಿ, ಮಳೆಗಾಲದಲ್ಲಿ ದಪ್ಪ ಕೌದಿ ಒಣಗುವುದಿಲ್ಲ.

ಕುರಿಯ ಉಣ್ಣೆಯ ಕಂಬಳಿ ಒರಟೆಂದು ಈಗ ಯಾರೂ ಹೊದೆಯುವುದಿಲ್ಲ. ಆದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಆವಿಯನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಜಡಿಮಳೆಯ ರಾತ್ರಿ ತೆಳು ಚಾದರದ ಮೇಲೆ ಹಳೆಯ ಕಂಬಳಿಯೊಂದನ್ನು ಹೊದೆದರೆ ಆ ವ್ಯತ್ಯಾಸ ತಿಳಿಯುತ್ತದೆ.

ಚಾದರಗಳಲ್ಲಿ ನೂಲಿನ ಎಣಿಕೆ (ಒಂದು ಚದರ ಇಂಚಿನಲ್ಲಿರುವ ನೂಲುಗಳ ಸಂಖ್ಯೆ) 800, 1000 ಎಂದು ಬರೆದದ್ದನ್ನು ನಂಬಿ ಹಣ ಸುರಿಯಬೇಡಿ. ಹಲವು ಎಳೆಗಳನ್ನು ಹೊಸೆದ ನೂಲಿನ ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಎಣಿಸಿ ಆ ಸಂಖ್ಯೆಯನ್ನು ಏರಿಸುವುದುಂಟು. 200ರಿಂದ 400ರೊಳಗಿನ ಸಾದಾ ನೇಯ್ಗೆಯ ಶುದ್ಧ ಹತ್ತಿಯ ಚಾದರ ನಮ್ಮ ಹವೆಗೆ ಸಾಕು. ಹತ್ತಿ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡಾ 7–8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು, ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯದು. ಬೆವರು ಮೈಮೇಲೆಯೇ ಉಳಿಯುವುದು ಅದರಿಂದ.

ಸಿದ್ದಾಪುರದಿಂದ

ನಮ್ಮ ಒಂಬತ್ತು ವರ್ಷದ ಮಗನಿಗೆ ಆಸ್ತಮಾ ಇದೆ, ಆದ್ದರಿಂದ ಹಾಸಿಗೆಯೊಳಗಿನ ಧೂಳಿನ ನುಸಿಯ ವಿಷಯವನ್ನು ಅನುಭವದಿಂದ ಬರೆಯುತ್ತಿದ್ದೇನೆ. ಈ ನುಸಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿನ್ನುತ್ತದೆ, ಬೇಕಾದ ನೀರನ್ನು ಗಾಳಿಯ ತೇವದಿಂದಲೇ ಹೀರಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 50ಕ್ಕಿಂತ ಬಹುಕಾಲ ಕೆಳಗಿದ್ದರೆ ಅದು ಒಣಗಿ ಸಾಯುತ್ತದೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಉಬ್ಬಸ ತರುವುದು ಹೆಚ್ಚಾಗಿ ಅದರ ಹಿಕ್ಕೆ, ಆದ್ದರಿಂದ ನುಸಿ ಸತ್ತರಷ್ಟೇ ಸಾಲದು, ಒಗೆದು ತೆಗೆಯಬೇಕು.

60 ಡಿಗ್ರಿಯ ಬಿಸಿನೀರು ನುಸಿಯನ್ನು ಕೊಲ್ಲುತ್ತದೆ. ನಮ್ಮಲ್ಲಿ ಬಚ್ಚಲ ಹಂಡೆ ದಿನವೂ ಕಾಯುವುದರಿಂದ ವಾರಕ್ಕೊಮ್ಮೆ ಮಗನ ಚಾದರ ಮತ್ತು ದಿಂಬಿನ ಗವಸುಗಳನ್ನು, ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ನೆನೆಹಾಕಿ ಅನಂತರ ಒಗೆಯುತ್ತೇವೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಒಣಗಿಸುತ್ತಿದ್ದೆವು, ಆದರೆ ಹೊಗೆಯ ವಾಸನೆಗೆ ಅವನಿಗೆ ಉಬ್ಬಸ ಹೆಚ್ಚಾದದ್ದರಿಂದ ಈಗ ಕೋಣೆಯಲ್ಲಿಯೇ ಫ್ಯಾನಿನ ಕೆಳಗೆ ಹಗ್ಗ ಕಟ್ಟಿದ್ದೇವೆ. ಗಾದಿಗೂ ದಿಂಬಿಗೂ ಒತ್ತಾದ ನೇಯ್ಗೆಯ, ಸುತ್ತಲೂ ಜಿಪ್ ಇರುವ ಗವಸು ಹಾಕಿದ್ದೇವೆ. ಗಾದಿಯನ್ನು ಕೋಣೆಯೊಳಗೆ ಬಡಿದು ಕೊಡವುವುದನ್ನು ಸಂಪೂರ್ಣವಾಗಿ ನಿಲ್ಲಿಸಿದೆವು, ಕೊಡವಿದ ರಾತ್ರಿಗಳಲ್ಲಿಯೇ ಅವನು ಹೆಚ್ಚು ಕಷ್ಟಪಡುತ್ತಿದ್ದ. ಶಿರಸಿಯ ಅಕ್ಕನವರ ಬೂರುಗದ ದಿಂಬು ನಮಗೆ ಹೊಂದಲಿಲ್ಲ. ಹಳೆಯದಾದಂತೆ ಎಳೆ ಮುರಿದು ಸಣ್ಣ ಧೂಳು ಗವಸಿನಿಂದ ಹೊರಬರುತ್ತಿತ್ತು.

ಭಟ್ಕಳದಿಂದ

ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಎರಡು ತಿಂಗಳು. ಮೆತ್ತನೆಯ ಹಾಸಿಗೆ, ಸಾಸಿವೆಯ ದಿಂಬು ಮಾಡಿಸಿದ್ದೇವೆ. ಬಟ್ಟೆಗೆ ತೇವದ ವಾಸನೆ ಬಾರದಂತೆ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಟ್ಟಿದ್ದೇವೆ. ಸರಿಯೇ?

ಕುಮಟೆಯಿಂದ

ಅಕ್ಕನವರೇ, ಕೂಸಿಗೆ ದಿಂಬು ಬೇಡ, ಸಾಸಿವೆಯದೂ ಬೇಡ. ಒಂದು ವರ್ಷ ತುಂಬುವವರೆಗೆ ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಮುಖಕ್ಕೆ ಬರುವಂಥ ಸಡಿಲ ಹೊದಿಕೆ, ಸುತ್ತ ಮೆತ್ತನೆಯ ಒತ್ತುದಿಂಬು ಯಾವುದೂ ಇರಬಾರದು. ಮೆತ್ತನೆಯದರಲ್ಲಿ ಮೂಗು ಹುದುಗಿದರೆ ಕೂಸಿಗೆ ತಾನಾಗಿ ತಲೆ ಹೊರಳಿಸಲು ಬಾರದು. ನುಸಿಗುಳಿಗೆಯನ್ನು ಇಂದೇ ತೆಗೆದು ಆ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿ. ಅದು ನ್ಯಾಫ್ತಲೀನ್ ಆಗಿದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ರಕ್ತದ ಕೆಂಪು ಕಣಗಳನ್ನು ಒಡೆದು ಕಾಮಾಲೆ ತರುತ್ತದೆ. ಆ ಕೊರತೆ ಇದೆಯೋ ಇಲ್ಲವೋ ಎಂದು ನೋಡಿ ತಿಳಿಯಲಾಗದು.

ಕೋಡಿಬಾಗದಿಂದ (ಪ್ರಶ್ನೆ ಕೇಳಿದವರು), ಆಗಸ್ಟ್ ಎರಡನೆಯ ವಾರ

ಎರಡು ತಿಂಗಳ ಮಳೆ ಕಳೆದ ಮೇಲೆಯೇ ಬರೆಯೋಣವೆಂದು ತಡೆದಿದ್ದೆ.

ಮಂಚಕ್ಕೆ ಹಲಸಿನ ಮರದ 15 ಅಡ್ಡಪಟ್ಟಿಗಳು ಬಂದವು. ತಂದೆಯವರಿಗೆ ಹೊನ್ನಾವರದವರು ಹೇಳಿದಂತೆ ನಾರಿನ ಮೇಲೆ ಲೇಟೆಕ್ಸ್ ಇರುವ ಐದು ಇಂಚಿನ ಗಾದಿಯನ್ನು ತಂದೆವು. ಕುಮಟೆಯ ಅಮ್ಮನವರ ಅಂಗೈ ಪರೀಕ್ಷೆಯನ್ನು ಅಂಗಡಿಯವರ ಮುಂದೆಯೇ ಮಾಡಿ, ನಾಲ್ಕನೆಯದನ್ನು ತಂದೆಯವರೇ ಆರಿಸಿದರು. ಈಗ ಅಂಚಿನಲ್ಲಿ ಕೂತರೆ ಅವರ ಪಾದ ನೆಲಕ್ಕೆ ತಾಗುತ್ತದೆ, ರಾತ್ರಿ ಏಳಲು ನನ್ನನ್ನು ಕರೆಯುವುದಿಲ್ಲ. ಹಳೆಯ ಹತ್ತಿಯ ಗಾದಿಯನ್ನು ಮೇ ಕೊನೆಯಲ್ಲಿ ಬಿಚ್ಚಿ ಹಿಂಜಿಸಿದೆವು. ಒಳಗೆ ಒಂದೂವರೆ ಕಿಲೋದಷ್ಟು ಕರಿಹಿಡಿದ ಹತ್ತಿ ಸಿಕ್ಕಿತು, ಅದನ್ನು ತೆಗೆದುಹಾಕಿ ಉಳಿದದ್ದರಲ್ಲಿ ತಾಯಿಯವರಿಗೆ ಮೂರು ಇಂಚಿನ ಗಾದಿ ಮಾಡಿಸಿ, ಅದರ ಕೆಳಗೆ ತೆಳುವಾದ ನಾರಿನ ಹಾಳೆ ಹಾಕಿದ್ದೇವೆ. ಮೊದಲ ವಾರ ಅವರಿಗೆ ಮಂಚದ ಮೇಲೆ ನಿದ್ರೆ ಬರಲಿಲ್ಲ, ಈಗ ಒಗ್ಗಿದೆ. ಅಂಕೋಲೆಯವರು ಹೇಳಿದ್ದಂತೆ ಜುಲೈನಲ್ಲಿ ಹತ್ತಿ ತೇವ ಹಿಡಿದದ್ದು ನಿಜ. ಪ್ರತಿ ಬೆಳಿಗ್ಗೆ ಚಾದರ ತೆಗೆದು, ಗಾದಿಯನ್ನು ಅರ್ಧ ಮಡಿಸಿ ನಿಲ್ಲಿಸಿ, ಎರಡು ಗಂಟೆ ಫ್ಯಾನ್ ಹಾಕಿ ಬಿಟ್ಟಿದ್ದರಿಂದ ವಾಸನೆಯ ಮಟ್ಟಕ್ಕೆ ಹೋಗಲಿಲ್ಲ.

ಮೊನ್ನೆ ಭಾನುವಾರ ತಂದೆಯವರ ಗಾದಿಯನ್ನು ಎತ್ತಿ, ಟಾರ್ಚ್ ಹಿಡಿದು ಅಡಿಭಾಗವನ್ನೆಲ್ಲ ನೋಡಿದೆ. ಬಟ್ಟೆ ಒಣಗಿತ್ತು, ಮೂಗಿಟ್ಟು ನೋಡಿದರೆ ಕತ್ತದ ವಾಸನೆ ಮಾತ್ರ. ಗೋಡೆಯ ಬದಿಯ ಎರಡು ಪಟ್ಟಿಗಳ ತುದಿಯಲ್ಲಿ, ಬೆರಳಗಲಕ್ಕೆ, ಬಿಳಿಯ ಬೂಷ್ಟಿನ ಚುಕ್ಕೆಗಳಿದ್ದವು. ಒರೆಸಿ, ಮಂಚವನ್ನು ಇನ್ನೂ ನಾಲ್ಕು ಇಂಚು ಈಚೆಗೆ ಎಳೆದಿದ್ದೇನೆ. ಅಂಕೋಲೆಯವರಲ್ಲಿ ಒಂದು ಪ್ರಶ್ನೆ ಉಳಿದಿದೆ: ಆ ತುದಿಗಳಿಗೆ ಈಗಲೇ ಎಣ್ಣೆ ಹಚ್ಚಬಹುದೇ, ಅಥವಾ ಮಳೆ ಹಿಂದೆ ಸರಿದು ಮರ ಒಣಗುವವರೆಗೆ ಕಾಯಬೇಕೇ?

ಅಂಕೋಲೆಯಿಂದ

ಕಾಯಿರಿ. ತೇವದ ಮರಕ್ಕೆ ಎಣ್ಣೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಪಟ್ಟಿಗಳನ್ನು ಬಿಚ್ಚಿ ಎರಡು ದಿನ ಬಿಸಿಲಿಗೆ ಹಾಕಿ, ಆಮೇಲೆ ತುದಿಯ ಕೊಯ್ದ ಭಾಗಕ್ಕೆ ಎರಡು ಬಾರಿ ಹಚ್ಚಿ. ಮರ ನೀರು ಕುಡಿಯುವುದು ಹೆಚ್ಚಾಗಿ ಆ ಕೊಯ್ದ ಮುಖದಿಂದಲೇ.